ಶಾಲೆಯ ಅಂಕಿ, ಮನೆಯ ಗಡಿ: ಅಮೆರಿಕದ ಕೌಂಟಿ ಶಾಲೆಗಳ ಎಣಿಕೆಯ ಇತಿಹಾಸ

ನೆಲೆ ನಿಲ್ಲಲು ಊರನ್ನು ಆರಿಸುವವರು ಹಿಂದೆ ನೀರನ್ನು ನೋಡುತ್ತಿದ್ದರು, ದುಡಿಮೆಯನ್ನು ನೋಡುತ್ತಿದ್ದರು, ನಂಟರಿಷ್ಟರು ಹತ್ತಿರವಿರುವರೇ ಎಂದು ವಿಚಾರಿಸುತ್ತಿದ್ದರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಈ ಸಾಲಿಗೆ ಇನ್ನೊಂದು ಸೇರಿದೆ. ಅದು ಆ ಮನೆಯ ವಿಳಾಸಕ್ಕೆ ಗೊತ್ತಾದ ಸರ್ಕಾರಿ ಶಾಲೆಯ ಅಂಕಿ ಅಂಶ. ಇಂದು ಅಲ್ಲಿ ಮನೆ ಮಾರಾಟದ ಪ್ರಕಟಣೆಗಳಲ್ಲಿ ಕೋಣೆಗಳ ಸಂಖ್ಯೆಯ ಜೊತೆಗೆ ಶಾಲೆಗೆ ಹತ್ತರಲ್ಲಿ ಎಷ್ಟು ಅಂಕ ಎಂಬುದೂ ಕಾಣಿಸಿಕೊಳ್ಳುತ್ತದೆ. ಮಕ್ಕಳಿಗೆ ಸಮಾನ ಅವಕಾಶ ದೊರೆಯುತ್ತಿದೆಯೇ ಎಂದು ತಿಳಿಯಲು ಹುಟ್ಟಿದ ಎಣಿಕೆಯು ಮನೆಯ ಬೆಲೆಯನ್ನು ಗೊತ್ತುಮಾಡುವ ಎಣಿಕೆಯಾದ ಬಗೆ ವಿಚಾರಾರ್ಹವಾದುದು. ತಲೆಎಣಿಕೆಯಿಂದಲೇ ತಮ್ಮ ಶಾಲೆಯ ಅಳಿವು ಉಳಿವು ನಿರ್ಧಾರವಾಗುವ ಭಾಷಾ ಅಲ್ಪಸಂಖ್ಯಾತರಿಗಂತೂ ಆ ಇತಿಹಾಸ ದೂರದ ಕಥೆಯಲ್ಲ.

ವಿಳಾಸವೇ ಪ್ರವೇಶಪತ್ರ

ಭಾರತದಲ್ಲಿ ‘ಪಬ್ಲಿಕ್ ಸ್ಕೂಲ್’ ಎಂಬ ಹೆಸರನ್ನು ಖಾಸಗಿ ಶಾಲೆಗಳೇ ಹೆಚ್ಚಾಗಿ ಇಟ್ಟುಕೊಂಡಿವೆ. ಅಮೆರಿಕದಲ್ಲಿ ಅದು ತೆರಿಗೆ ಹಣದಿಂದ ನಡೆಯುವ, ಶುಲ್ಕವಿಲ್ಲದ ಸರ್ಕಾರಿ ಶಾಲೆ. ಮಗು ಯಾವ ಶಾಲೆಗೆ ಸೇರಬೇಕೆಂಬುದನ್ನು ಸಾಮಾನ್ಯವಾಗಿ ಮನೆಯ ವಿಳಾಸವೇ ನಿಶ್ಚಯಿಸುತ್ತದೆ. ಈ ಶಾಲೆಗಳನ್ನು ನಡೆಸುವ ಘಟಕ ಎಲ್ಲೆಡೆ ಒಂದೇ ಅಲ್ಲ. ಮೇರಿಲ್ಯಾಂಡಿನಲ್ಲಿ 23 ಕೌಂಟಿಗಳಿಗೂ ಬಾಲ್ಟಿಮೋರ್ ನಗರಕ್ಕೂ ಸೇರಿ 24 ಶಾಲಾ ವ್ಯವಸ್ಥೆಗಳಿವೆ. ಫ್ಲಾರಿಡಾದಲ್ಲಿ 67 ಕೌಂಟಿಗಳು, 67 ಶಾಲಾ ವ್ಯವಸ್ಥೆಗಳು. ಚಿಕ್ಕ ರಾಜ್ಯವಾದ ನ್ಯೂಜೆರ್ಸಿಯಲ್ಲಾದರೋ ಊರೂರಿಗೊಂದರಂತೆ ಐನೂರಕ್ಕೂ ಹೆಚ್ಚು ಶಾಲಾ ಮಂಡಲಗಳಿವೆ.

ಈ ವ್ಯತ್ಯಾಸ ಕೇವಲ ಆಡಳಿತದ್ದಲ್ಲ. ಶಾಲೆಯ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಮನೆಗಳ ಬೆಲೆ ಏರಿದಲ್ಲಿ ಶಾಲೆಗೆ ಹಣ ಸುಲಭವಾಗಿ ಒದಗುತ್ತದೆ. ಶಾಲೆಗೆ ಒಳ್ಳೆಯ ಹೆಸರು ಬಂದಲ್ಲಿ ಮನೆಗಳ ಬೆಲೆ ಮತ್ತೆ ಏರುತ್ತದೆ. ಇಡೀ ಕೌಂಟಿ ಒಂದೇ ವ್ಯವಸ್ಥೆಯಾಗಿರುವ ಕಡೆ ಸಿರಿವಂತರ ಬಡಾವಣೆಯ ತೆರಿಗೆಯೂ ಬಡವರ ಬೀದಿಯ ತೆರಿಗೆಯೂ ಒಂದೇ ಬೊಕ್ಕಸಕ್ಕೆ ಸೇರುತ್ತವೆ. ಮಂಡಲಗಳು ಚಿಕ್ಕವಾಗಿರುವ ಕಡೆ ಒಂದು ರಸ್ತೆಯನ್ನು ದಾಟಿದರೆ ಬೊಕ್ಕಸವೇ ಬೇರೆ. ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋದ ಪಾಲಕರು ಈ ಅಸಮಾನತೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1973ರಲ್ಲಿ ನ್ಯಾಯಾಲಯವು ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ಅವರ ವಾದವನ್ನು ತಳ್ಳಿಹಾಕಿತು.

ಅಂಕಿಗೆ ಮುನ್ನ ಬಣ್ಣ

ಶಾಲೆಯನ್ನು ನೋಡಿ ನೆರೆಹೊರೆಯನ್ನು ಅಳೆಯುವ ಪದ್ಧತಿ ಪರೀಕ್ಷೆಯ ಅಂಕಗಳಿಗಿಂತ ಹಳೆಯದು. 1934ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ವಸತಿ ಆಡಳಿತವು ಗೃಹಸಾಲಗಳಿಗೆ ಖಾತರಿ ನೀಡುತ್ತಿತ್ತು. ಸಾಲದ ಅರ್ಹತೆಯನ್ನು ಅಳೆಯಲು ಅದು ಆ ದಶಕದಲ್ಲಿ ಹೊರಡಿಸಿದ ಕೈಪಿಡಿಯು ನೆರೆಹೊರೆಯ ಜನರ ವರ್ಣವನ್ನು ಪರಿಗಣಿಸುವುದರ ಜೊತೆಗೆ, ಅಲ್ಲಿನ ಮಕ್ಕಳು ಯಾರೊಡನೆ ಕುಳಿತು ಓದುತ್ತಾರೆಂಬುದನ್ನೂ ಗಮನಿಸಲು ಸೂಚಿಸಿತ್ತು. ಬೇರೆ ವರ್ಣದ ಅಥವಾ ಕೆಳಸ್ತರದ ಮಕ್ಕಳೇ ಹೆಚ್ಚಾಗಿರುವ ಶಾಲೆಗೆ ಸೇರಿದ ಬಡಾವಣೆಯನ್ನು ಕಡಿಮೆ ಭರವಸೆಯದೆಂದು ಎಣಿಸಲಾಗುತ್ತಿತ್ತು.

ಕೌಂಟಿಯ ಶಾಲೆ ಎಂಬ ಮಾತಿಗೆ ಆ ಕಾಲದಲ್ಲಿ ಎಷ್ಟು ತೂಕವಿತ್ತೆಂಬುದಕ್ಕೆ ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಸಾಕ್ಷಿ. ಕರಿಯರ ಪ್ರೌಢಶಾಲೆಯ ದುಃಸ್ಥಿತಿಯನ್ನು ಪ್ರತಿಭಟಿಸಿ 1951ರಲ್ಲಿ ಹದಿನಾರರ ಬಾಲೆ ಬಾರ್ಬರಾ ಜಾನ್ಸ್ ಅಲ್ಲಿ ವಿದ್ಯಾರ್ಥಿಗಳ ಮುಷ್ಕರವನ್ನು ಮುನ್ನಡೆಸಿದಳು. ಅದರಿಂದ ಹುಟ್ಟಿದ ಮೊಕದ್ದಮೆಯು ಶಾಲೆಗಳಲ್ಲಿ ವರ್ಣ ಪ್ರತ್ಯೇಕತೆ ಸಂವಿಧಾನಬಾಹಿರವೆಂದು ಸಾರಿದ 1954ರ ಬ್ರೌನ್ ತೀರ್ಪಿನಲ್ಲಿ ಸೇರಿದ ಐದು ಮೊಕದ್ದಮೆಗಳಲ್ಲಿ ಒಂದು. ತೀರ್ಪನ್ನು ಪಾಲಿಸುವುದರ ಬದಲು ಆ ಕೌಂಟಿಯು 1959ರಲ್ಲಿ ತನ್ನ ಎಲ್ಲ ಸರ್ಕಾರಿ ಶಾಲೆಗಳನ್ನೂ ಮುಚ್ಚಿತು. 1964ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಮಧ್ಯೆ ಬರುವವರೆಗೆ ಅವು ತೆರೆಯಲಿಲ್ಲ. ಬಿಳಿಯರ ಮಕ್ಕಳು ಹೊಸದಾಗಿ ಕಟ್ಟಿದ ಖಾಸಗಿ ಶಾಲೆಗೆ ಹೋದರು. ಕರಿಯ ಕುಟುಂಬಗಳಲ್ಲಿ ಕೆಲವು ತಮ್ಮ ಮಕ್ಕಳನ್ನು ಬೇರೆ ಕೌಂಟಿಗಳಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದವು. ಅನೇಕ ಮಕ್ಕಳ ಓದು ಅಲ್ಲಿಗೇ ನಿಂತಿತು. ಶಾಲೆಗಾಗಿ ವಿಳಾಸ ಬದಲಿಸುವುದೆಂದರೆ ಆ ಮಕ್ಕಳಿಗೆ ತಾಯಿತಂದೆಯರನ್ನು ಅಗಲುವುದೇ ಆಗಿತ್ತು.

ಎಣಿಕೆಯ ಆರಂಭ

1964ರ ನಾಗರಿಕ ಹಕ್ಕುಗಳ ಕಾಯಿದೆಯು ದೇಶದ ಶಾಲೆಗಳಲ್ಲಿ ಅವಕಾಶದ ಸಮಾನತೆ ಎಷ್ಟಿದೆಯೆಂದು ಸಮೀಕ್ಷೆ ನಡೆಸಿ ಎರಡು ವರ್ಷಗಳೊಳಗೆ ವರದಿ ಮಾಡಲು ಆಜ್ಞಾಪಿಸಿತು. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ನೇತೃತ್ವದಲ್ಲಿ ಸುಮಾರು 4,000 ಶಾಲೆಗಳ ಆರು ಲಕ್ಷಕ್ಕೂ ಮಿಕ್ಕ ಮಕ್ಕಳನ್ನು ಪರೀಕ್ಷಿಸಿ 1966ರಲ್ಲಿ ವರದಿ ಹೊರಬಂದಿತು. ಕಟ್ಟಡ, ಪ್ರಯೋಗಶಾಲೆ, ಪುಸ್ತಕಗಳ ಕೊರತೆಯೇ ಅಂತರಕ್ಕೆ ಕಾರಣವೆಂದು ನಿರೀಕ್ಷಿಸಿದವರಿಗೆ ಬೇರೆಯೇ ಉತ್ತರ ದೊರೆಯಿತು. ಮಗುವಿನ ಸಾಧನೆಗೆ ಮನೆಯ ಹಿನ್ನೆಲೆಯ ಸಂಬಂಧವೇ ಹೆಚ್ಚು ಗಾಢವಾಗಿತ್ತು. ಶಾಲೆಯ ಕಡೆಯಿಂದ ನೋಡಿದರೆ, ಜೊತೆಯಲ್ಲಿ ಕುಳಿತು ಓದುವ ಮಕ್ಕಳ ಹಿನ್ನೆಲೆಯೂ ಮುಖ್ಯವಾಗಿತ್ತು.

ಈ ಫಲಿತಾಂಶದಲ್ಲಿ ಎರಡು ದಾರಿಗಳಿದ್ದವು. ಬಡವರ, ಬಲ್ಲಿದರ ಮಕ್ಕಳನ್ನು ಒಂದೇ ಶಾಲೆಯಲ್ಲಿ ಕೂಡಿಸಬೇಕೆಂಬುದು ಒಂದು. ಅನುಕೂಲಸ್ಥರ ಮಕ್ಕಳಿರುವ ಶಾಲೆಯ ಬಳಿ ಮನೆ ಕೊಳ್ಳಬೇಕೆಂಬುದು ಇನ್ನೊಂದು. ಎರಡನೆಯದಕ್ಕೆ ಅರ್ಥಶಾಸ್ತ್ರದ ಬೆಂಬಲ ಆಗಲೇ ಸಿದ್ಧವಿತ್ತು. ಜನರು ತಮಗೆ ಬೇಕಾದ ಸೇವೆ ಮತ್ತು ತೆರಿಗೆಗಳಿರುವ ಊರಿಗೆ ಹೋಗಿ ನೆಲೆಸುವುದರ ಮೂಲಕ ತಮ್ಮ ಆಯ್ಕೆಯನ್ನು ತೋರಿಸುತ್ತಾರೆಂದು ಚಾರ್ಲ್ಸ್ ಟೀಬೂ 1956ರಲ್ಲಿಯೇ ಪ್ರತಿಪಾದಿಸಿದ್ದನು. ಎದ್ದು ಹೋಗಲು ಹಣವಿಲ್ಲದವರಿಗೆ, ಹೋದರೂ ಮನೆ ಕೊಡದವರ ನಡುವೆ ಬದುಕುವವರಿಗೆ ಆ ಸಿದ್ಧಾಂತದಲ್ಲಿ ಎಡೆಯಿರಲಿಲ್ಲ.

ಮೊದಲನೆಯ ದಾರಿಗೆ 1974ರಲ್ಲಿ ತಡೆ ಬಿದ್ದಿತು. ಡೆಟ್ರಾಯಿಟ್ ನಗರದ ಶಾಲೆಗಳನ್ನು ಸುತ್ತಲಿನ 53 ಉಪನಗರ ಮಂಡಲಗಳೊಡನೆ ಸೇರಿಸಿ ಮಕ್ಕಳನ್ನು ಬೆರೆಸುವ ಯೋಜನೆಯನ್ನು ಸುಪ್ರೀಂ ಕೋರ್ಟು ಮಿಲಿಕೆನ್ ಪ್ರಕರಣದಲ್ಲಿ ಒಪ್ಪಲಿಲ್ಲ. ಪ್ರತ್ಯೇಕತೆಗೆ ಉಪನಗರಗಳು ಕಾರಣವೆಂದು ಸಿದ್ಧವಾಗದ ಹೊರತು ಗಡಿ ದಾಟಿ ಪರಿಹಾರ ಕೊಡುವಂತಿಲ್ಲವೆಂದು ತೀರ್ಪಾಯಿತು. ಮಂಡಲದ ಗಡಿಯನ್ನು ದಾಟಿ ಮನೆ ಮಾಡಿದವನನ್ನು ಆ ಬಳಿಕ ನ್ಯಾಯಾಲಯದ ಆಜ್ಞೆ ಹಿಂಬಾಲಿಸುವ ಸಂಭವ ತೀರ ಕಡಿಮೆಯಾಯಿತು.

ಅಂಕಿ ಅಂಗಡಿಗೆ ಬಂದುದು

2002ರ ಜನವರಿ 8ರಂದು ಅಂಕಿತವಾದ ‘ಯಾವ ಮಗುವೂ ಹಿಂದುಳಿಯಬಾರದು’ ಎಂಬ ಆಶಯದ ಕಾಯಿದೆಯು ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿವರ್ಷವೂ, ಪ್ರೌಢಶಾಲೆಯಲ್ಲಿ ಒಮ್ಮೆಯೂ ಪರೀಕ್ಷೆ ನಡೆಸಿ ಶಾಲಾವಾರು ಫಲಿತಾಂಶ ಪ್ರಕಟಿಸುವುದನ್ನು ಕಡ್ಡಾಯ ಮಾಡಿತು. ವರ್ಣ, ಬಡತನ, ಅಂಗವೈಕಲ್ಯ, ಇಂಗ್ಲಿಷ್ ಜ್ಞಾನದ ಕೊರತೆ ಎಂಬ ಗುಂಪುಗಳ ಫಲಿತಾಂಶವನ್ನು ಬೇರೆ ಬೇರೆಯಾಗಿ ತೋರಿಸಬೇಕಾಯಿತು. ಸರಾಸರಿಯ ಮರೆಯಲ್ಲಿ ಅಡಗಿದ್ದ ಮಕ್ಕಳು ಕಣ್ಣಿಗೆ ಬಿದ್ದುದು ಇದರ ದೊಡ್ಡ ಲಾಭ.

ಆದರೆ ಮನೆ ಹುಡುಕುವವರ ಕೈಗೆ ಬಂದುದು ಬಹುಮಟ್ಟಿಗೆ ಆ ಸರಾಸರಿಯೇ. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಗ್ರೇಟ್‌ಸ್ಕೂಲ್ಸ್ ಸಂಸ್ಥೆ ಶಾಲೆಗಳಿಗೆ ಒಂದರಿಂದ ಹತ್ತರವರೆಗೆ ಅಂಕ ನೀಡಿತು. ಮನೆ ಮಾರಾಟದ ತಾಣಗಳು ಅದನ್ನು ಎತ್ತಿಕೊಂಡವು. ಅಂಕಿಗೂ ಬೆಲೆಗೂ ಇರುವ ನಂಟನ್ನು ಅರ್ಥಶಾಸ್ತ್ರಜ್ಞರು ಅಳೆದರು. ಸ್ಯಾಂಡ್ರಾ ಬ್ಲ್ಯಾಕ್ 1999ರ ಅಧ್ಯಯನದಲ್ಲಿ ಬಾಸ್ಟನ್ ಸುತ್ತಲಿನ ಉಪನಗರಗಳಲ್ಲಿ ಶಾಲಾ ಗಡಿಯ ಈಚೆ ಆಚೆ ಇರುವ ಮನೆಗಳನ್ನು ಹೋಲಿಸಿದರು. ಪರೀಕ್ಷಾ ಅಂಕ ಶೇ. 5 ಹೆಚ್ಚಿದ್ದ ಕಡೆ ಮನೆಗೆ ಶೇ. 2ರಿಂದ 2.5ರಷ್ಟು ಹೆಚ್ಚು ಬೆಲೆ ಇತ್ತು. ಫ್ಲಾರಿಡಾ ರಾಜ್ಯವು ಶಾಲೆಗಳಿಗೆ ಅಕ್ಷರ ಶ್ರೇಣಿ ಕೊಡಲಾರಂಭಿಸಿದಾಗ ಬೆಲೆಗಳು ಶ್ರೇಣಿಗೂ ಓಗೊಟ್ಟವೆಂದು ಡೇವಿಡ್ ಫಿಗ್ಲಿಯೊ ಮತ್ತು ಮಾರಿಸ್ ಲೂಕಸ್ 2004ರಲ್ಲಿ ತೋರಿಸಿದರು. ಶ್ರೇಣಿಗಳು ವರ್ಷದಿಂದ ವರ್ಷಕ್ಕೆ ಏರಿಳಿಯುವುದು ಕಂಡಮೇಲೆ ಅವುಗಳ ಪ್ರಭಾವ ಇಳಿದುದೂ ಅದೇ ಅಧ್ಯಯನದಿಂದ ತಿಳಿಯುತ್ತದೆ.

ಆ ಅಂಕಿ ನಿಜವಾಗಿ ಏನನ್ನು ಹೇಳುತ್ತದೆ? ಸ್ಟ್ಯಾನ್‌ಫರ್ಡಿನ ಶಾನ್ ರಿಯರ್ಡನ್ ದೇಶದ ಶಾಲಾ ಮಂಡಲಗಳನ್ನು ಹೋಲಿಸಿ, ಸರಾಸರಿ ಅಂಕವು ಕುಟುಂಬಗಳ ಸ್ಥಿತಿಗತಿಯೊಡನೆ ಬಿಗಿಯಾಗಿ ಹೆಣೆದುಕೊಂಡಿದ್ದರೂ ವರ್ಷದಿಂದ ವರ್ಷಕ್ಕೆ ಮಕ್ಕಳು ಕಲಿಯುವ ಪ್ರಮಾಣ ಹಾಗೆ ಹೆಣೆದುಕೊಂಡಿಲ್ಲವೆಂದು ಕಂಡುಕೊಂಡರು. ಸರಾಸರಿಯಲ್ಲಿ ಹಿಂದಿದ್ದ ಷಿಕಾಗೋ ನಗರದ ಮಕ್ಕಳು ಮೂರರಿಂದ ಎಂಟನೆಯ ತರಗತಿಯ ನಡುವಿನ ಐದು ವರ್ಷಗಳಲ್ಲಿ ಆರು ವರ್ಷಗಳಷ್ಟು ಕಲಿತಿದ್ದರು. ಸರಾಸರಿಯನ್ನು ನೋಡಿ ಮನೆ ಕೊಂಡವನು ಹೆಚ್ಚಿನ ಮಟ್ಟಿಗೆ ನೆರೆಯವರ ಸಂಪತ್ತನ್ನು ಓದಿದ್ದನು, ಶಾಲೆಯ ಪಾಠವನ್ನಲ್ಲ.

ಮಾಂಟ್‌ಗೊಮೆರಿಯ ದೃಷ್ಟಾಂತ

ಇದೇ ಅಂಕಿಯನ್ನು ಬೇರೆ ರೀತಿಯಲ್ಲಿ ಬಳಸಿದ ಕೌಂಟಿಯೂ ಉಂಟು. ರಾಜಧಾನಿ ವಾಷಿಂಗ್ಟನ್ನಿಗೆ ತಾಗಿರುವ ಮೇರಿಲ್ಯಾಂಡಿನ ಮಾಂಟ್‌ಗೊಮೆರಿ ಕೌಂಟಿ 1970ರ ದಶಕದಿಂದ ದೊಡ್ಡ ಬಡಾವಣೆಗಳಲ್ಲಿ ಒಂದು ಪಾಲು ಮನೆಗಳನ್ನು ಸಾಧಾರಣ ಆದಾಯದವರಿಗೆಂದು ಕಾದಿರಿಸುವ ನಿಯಮ ತಂದಿತು. ಅವುಗಳಲ್ಲಿ ಕೆಲವನ್ನು ಕೌಂಟಿಯ ವಸತಿ ಸಂಸ್ಥೆಯೇ ಕೊಂಡು ಬಡ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟಿತು. ಯಾರಿಗೆ ಯಾವ ಮನೆ ಎಂಬುದು ಚೀಟಿ ಎತ್ತಿದಂತೆ ಗೊತ್ತಾಗುತ್ತಿತ್ತು. 2000ದ ಹೊತ್ತಿಗೆ ಅಲ್ಲಿನ ಶಾಲಾ ಆಡಳಿತವು ಬಡತನ ಹೆಚ್ಚಿರುವ ಶಾಲೆಗಳನ್ನು ಕೆಂಪು ವಲಯವೆಂದು ಗುರುತಿಸಿ, ಅಲ್ಲಿ ತರಗತಿಗಳನ್ನು ಚಿಕ್ಕದು ಮಾಡಿ ಹೆಚ್ಚು ಹಣ ಹಾಕಲಾರಂಭಿಸಿತು.

ಹೀಗೆ ಎರಡು ಉಪಾಯಗಳು ಒಂದೇ ಕೌಂಟಿಯಲ್ಲಿ ಅಕ್ಕಪಕ್ಕ ನಿಂತವು. ಹೆದರ್ ಶ್ವಾರ್ಟ್ಸ್ ಅವರು 2001ರಿಂದ 2007ರವರೆಗೆ ಸರ್ಕಾರಿ ಬಾಡಿಗೆ ಮನೆಗಳ ಸುಮಾರು 850 ಮಕ್ಕಳ ಓದನ್ನು ಅಭ್ಯಸಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಡತನ ಕಡಿಮೆಯಿರುವ ಶಾಲೆಗಳಿಗೆ ಸೇರಿದ ಬಡ ಮಕ್ಕಳು, ಹೆಚ್ಚು ಹಣ ಪಡೆದ ಕೆಂಪು ವಲಯದ ಶಾಲೆಗಳಲ್ಲಿದ್ದ ತಮ್ಮಂಥವರನ್ನೇ ಮೀರಿಸಿದರು. ಪ್ರಾಥಮಿಕ ಹಂತ ಮುಗಿಯುವಷ್ಟರಲ್ಲಿ, ಅನುಕೂಲಸ್ಥ ಸಹಪಾಠಿಗಳಿಗೂ ಅವರಿಗೂ ಇದ್ದ ಅಂತರ ಗಣಿತದಲ್ಲಿ ಅರ್ಧದಷ್ಟು, ಓದಿನಲ್ಲಿ ಮೂರನೆಯ ಒಂದರಷ್ಟು ಕಡಿಮೆಯಾಗಿತ್ತು. ಅಂಕಿಯನ್ನು ಕೊಳ್ಳುವವನು ಓದಿದಾಗ ಗಡಿ ಗಟ್ಟಿಯಾಯಿತು. ಕೌಂಟಿ ಓದಿದಾಗ ಅದು ಸ್ವಲ್ಪ ಸಡಿಲವಾಯಿತು.

ಭಾಷೆಯ ಕಾಲಂ

ಇಂಗ್ಲಿಷ್ ಮನೆಮಾತಲ್ಲದ ಮಕ್ಕಳು ಈ ಲೆಕ್ಕಕ್ಕೆ ಬಂದುದು ಹೋರಾಟದಿಂದ. ಸ್ಯಾನ್ ಫ್ರಾನ್ಸಿಸ್ಕೋದ ಸುಮಾರು 1,800 ಚೀನೀ ಭಾಷಿಕ ಮಕ್ಕಳಿಗೆ ಯಾವ ಭಾಷಾ ನೆರವೂ ಇಲ್ಲದಿದ್ದುದನ್ನು ಪ್ರಶ್ನಿಸಿದ ಲಾವ್ ಪ್ರಕರಣದಲ್ಲಿ, ಅರ್ಥವಾಗದ ಭಾಷೆಯಲ್ಲಿ ಅದೇ ಪುಸ್ತಕ, ಅದೇ ಶಿಕ್ಷಕರನ್ನು ಒದಗಿಸುವುದು ಸಮಾನತೆಯಾಗದೆಂದು 1974ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಂದು ಶಾಲೆಗೆ ಸೇರಿಸುವಾಗ ಮನೆಮಾತಿನ ಅರ್ಜಿಯೊಂದನ್ನು ತುಂಬಬೇಕು. ಅದರಲ್ಲಿ ‘ಕನ್ನಡ’ ಎಂದು ಬರೆಯುವ ವಲಸಿಗ ಕುಟುಂಬದ ಮಗುವೂ ಇಂಗ್ಲಿಷ್ ಪರೀಕ್ಷೆಗೆ ಕೂರಬೇಕಾಗಬಹುದು. ಇಂಗ್ಲಿಷನ್ನು ಚೆನ್ನಾಗಿ ಕಲಿತ ಮಗು ಕಲಿಯುವವರ ಗುಂಪಿನಿಂದ ಹೊರಬೀಳುತ್ತದೆ, ಹೊಸಬರು ಒಳಬರುತ್ತಾರೆ. ಆದುದರಿಂದ ಆ ಗುಂಪಿನ ಅಂಕ ಯಾವಾಗಲೂ ತಗ್ಗಿನಲ್ಲಿಯೇ ಇರುತ್ತದೆ. ಚೆನ್ನಾಗಿ ಕಲಿಸಿದ ಶಾಲೆಯೂ ಹೊಸ ಭಾಷಿಕರನ್ನು ಬರಮಾಡಿಕೊಂಡ ಕಾರಣಕ್ಕೆ ಪಟ್ಟಿಯಲ್ಲಿ ಕೆಳಗೆ ಕಾಣಬಹುದು. 2015ರ ಕಾಯಿದೆಯು ಇಂಗ್ಲಿಷ್ ಕಲಿಕೆಯ ಪ್ರಗತಿಯನ್ನೂ ಲೆಕ್ಕಕ್ಕೆ ಸೇರಿಸಿ ಈ ದೋಷವನ್ನು ಅಂಶತಃ ತಿದ್ದಿತು.

ಹತ್ತು ಮತ್ತು ನಲವತ್ತು

ಭಾರತದ ಭಾಷಾ ಅಲ್ಪಸಂಖ್ಯಾತರ ಶಾಲೆಗಳಿಗೂ ಅಂಕಿಯ ಇತಿಹಾಸವಿದೆ. ಅದರ ದಿಕ್ಕು ಮಾತ್ರ ಬೇರೆ. 1949ರ ಆಗಸ್ಟಿನಲ್ಲಿ ಸೇರಿದ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಶಾಲೆಯೊಂದರಲ್ಲಿ 40 ಅಥವಾ ತರಗತಿಯೊಂದರಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಪ್ರಾಥಮಿಕ ಪಾಠ ಹೇಳಲು ಶಿಕ್ಷಕರನ್ನು ನೇಮಿಸಬೇಕೆಂದು ನಿರ್ಣಯಿಸಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರಲ್ಲಿ ಆಂಧ್ರಕ್ಕೂ, ಕಾಸರಗೋಡು 1956ರಲ್ಲಿ ಕೇರಳಕ್ಕೂ ಸೇರಿದ ಬಳಿಕ ಅಲ್ಲಿನ ಕನ್ನಡಿಗರಿಗೆ ಈ ಸೂತ್ರವೇ ಆಸರೆ. 1956ರಲ್ಲಿಯೇ ಸಂವಿಧಾನಕ್ಕೆ 350-ಎ ವಿಧಿಯೂ ಸೇರಿತು. 1959ರಲ್ಲಿ ದಕ್ಷಿಣ ವಲಯ ಮಂಡಳಿಯು ಪ್ರೌಢ ಹಂತಕ್ಕೆ ತರಗತಿಗೆ 15, ಕೊನೆಯ ನಾಲ್ಕು ತರಗತಿಗಳಿಗೆ ಒಟ್ಟು 60 ಎಂಬ ಮಿತಿಯನ್ನು ಗೊತ್ತುಮಾಡಿತು.

ಅಮೆರಿಕದಲ್ಲಿ ಕುಟುಂಬವು ಅಂಕಿಯನ್ನು ಹಿಂಬಾಲಿಸುತ್ತದೆ. ಗಡಿನಾಡಿನಲ್ಲಿ ಅಂಕಿಯು ಕುಟುಂಬವನ್ನು ಹಿಂಬಾಲಿಸುತ್ತದೆ. ಅಲ್ಲಿ ಒಂದು ಮನೆ ಬಿಟ್ಟು ಹೋದರೆ ಇನ್ನೊಬ್ಬರು ಹೆಚ್ಚು ಬೆಲೆ ಕೊಟ್ಟು ಬರುತ್ತಾರೆ, ಶಾಲೆ ನಡೆಯುತ್ತಲೇ ಇರುತ್ತದೆ. ಇಲ್ಲಿ ಕನ್ನಡ ಶಾಲೆಯ ದಾಖಲಾತಿ ಇಳಿದಿರುವುದನ್ನು ನೋಡಿ, ಮಗುವಿನ ಓದಿಗಾಗಿ ಗಡಿ ದಾಟಿ ಮನೆ ಮಾಡಿದ ಕುಟುಂಬವು ಆ ದಾಖಲಾತಿಯನ್ನು ಇನ್ನೂ ಇಳಿಸಿ ಹೋಗಿರುತ್ತದೆ. ಆ ಕುಟುಂಬವನ್ನು ದೂರುವುದು ಸಲ್ಲದು. ಮಗುವಿನ ಹಿತವನ್ನು ನೋಡುವುದು ಪಾಲಕರ ಧರ್ಮ. ಹಾಗೆ ಹೋಗುವ ಅನಿವಾರ್ಯತೆ ಬಾರದಂತೆ ನೋಡಿಕೊಳ್ಳಲು ಮಾಂಟ್‌ಗೊಮೆರಿಯಂತೆ ಅಂಕಿಯನ್ನು ಆಡಳಿತವೇ ಮೊದಲು ಓದಬೇಕಾಗುತ್ತದೆ.

ಅದಕ್ಕೆ ಬೇಕಾದ ಉಪಾಯವನ್ನೂ ವಲಯ ಮಂಡಳಿಯ ನಿರ್ಣಯ ಆಗಲೇ ಹೇಳಿತ್ತು. ಶಾಲೆ ತೆರೆಯುವ ಮುನ್ನವೇ ಮಕ್ಕಳ ಭಾಷೆಯನ್ನು ಪುಸ್ತಕದಲ್ಲಿ ನೋಂದಾಯಿಸಬೇಕು. ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಹತ್ತಿರದ ಶಾಲೆಯೊಡನೆ ಹೊಂದಿಸಬೇಕು. ಆ ಪುಸ್ತಕದಲ್ಲಿ ಹತ್ತನೆಯ ಹೆಸರು ಬಿದ್ದರೆ ಮಾತ್ರ ಉಳಿದ ಒಂಬತ್ತು ಮಕ್ಕಳಿಗೆ ತರಗತಿ ಉಂಟು.