ಖಾಲಿ ಫೈಲು, ಕುಸಿದ ರ‍್ಯಾಂಕು: ಸರ್ಚ್ ಎಂಜಿನ್ ಬಗ್‌ಗಳ ಎರಡೂವರೆ ದಶಕ

2012ರ ಏಪ್ರಿಲ್ ಮಧ್ಯಭಾಗದಲ್ಲಿ ಕೆಲವು ಜಾಲತಾಣಗಳು ಗೂಗಲ್ ಹುಡುಕಾಟದಲ್ಲಿ ಇದ್ದಕ್ಕಿದ್ದಂತೆ ಕೆಳಗೆ ಬಿದ್ದವು. ತಮ್ಮಿಂದ ಏನು ತಪ್ಪಾಯಿತೆಂದು ಮಾಲೀಕರು ತಲೆ ಕೆಡಿಸಿಕೊಂಡರು. ಗೂಗಲ್‌ನ ಸ್ಪ್ಯಾಮ್ ನಿಗ್ರಹ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್ ಆಗ ಕಾರಣ ಬಹಿರಂಗಪಡಿಸಿದರು. ಹೆಸರನ್ನು ಮಾತ್ರ ಕೊಂಡು ಒಳಗೆ ಏನೂ ಹಾಕದೆ ಬಿಟ್ಟಿರುವ ತಾಣಗಳಿಗೆ ‘ಪಾರ್ಕ್ ಮಾಡಿದ ಡೊಮೇನ್’ ಎನ್ನುತ್ತಾರೆ. ಅಂಥವನ್ನು ಗುರುತಿಸುವ ತಂತ್ರಾಂಶ ಒಂದೆರಡು ಫೈಲುಗಳಿಂದ ಮಾಹಿತಿ ಓದಿಕೊಳ್ಳುತ್ತಿತ್ತು. ಆ ಫೈಲುಗಳು ಹೇಗೋ ಖಾಲಿಯಾಗಿದ್ದವು. ಹಾಗಾಗಿ ತುಂಬಿದ ತಾಣಗಳಿಗೂ ಖಾಲಿ ತಾಣದ ಹಣೆಪಟ್ಟಿ ಬಿತ್ತು.

ಸರ್ಚ್ ಎಂಜಿನ್‌ನೊಳಗಿನ ಬಗ್‌ನಿಂದ ತಾಣಗಳ ರ‍್ಯಾಂಕ್ ಏರುಪೇರಾಗುತ್ತದೆಯೇ ಎಂಬ ಪ್ರಶ್ನೆಗೆ ಇಷ್ಟೇ ಉತ್ತರ ಸಾಕು: ಆಗುತ್ತದೆ, ಆಗಿದೆ, ಕಂಪನಿಗಳೇ ಒಪ್ಪಿಕೊಂಡಿವೆ. ಆದರೆ ಬಗ್‌ನ ಪೆಟ್ಟು ಹೇಗಿರುತ್ತದೆ, ಎಷ್ಟು ದಿನ ಇರುತ್ತದೆ, ಅದು ಬಗ್ಗೇ ಹೌದೆಂದು ಹೇಳುವವರು ಯಾರು ಎನ್ನುವುದು ಇನ್ನೂ ಮುಖ್ಯ. ಕಳೆದ ಇಪ್ಪತ್ತೈದು ವರ್ಷಗಳ ಇತಿಹಾಸ ನೋಡಿದರೆ ಮೊದಲ ಎರಡಕ್ಕೆ ಸಾಕಷ್ಟು ಸ್ಪಷ್ಟ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ಇವತ್ತಿಗೂ ಸಮಾಧಾನದ ಉತ್ತರವಿಲ್ಲ.

ಹುಡುಕಾಟದ ಕೆಲಸ ಮೂರು ಹಂತಗಳದ್ದು. ಮೊದಲು ಕ್ರಾಲರ್ ಎಂಬ ತಂತ್ರಾಂಶ ಪುಟದಿಂದ ಪುಟಕ್ಕೆ ಕೊಂಡಿ ಹಿಡಿದು ಹೋಗಿ ಎಲ್ಲವನ್ನೂ ತರುತ್ತದೆ. ಆಮೇಲೆ ಯಾವ ಪದ ಯಾವ ಪುಟದಲ್ಲಿದೆ ಎಂಬ ಇಂಡೆಕ್ಸ್ ತಯಾರಾಗುತ್ತದೆ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಹಾಗೆ. ನಾವು ಪದ ಟೈಪ್ ಮಾಡಿದಾಗ ಆ ಸೂಚಿಯಿಂದ ಪುಟಗಳನ್ನು ಹೆಕ್ಕಿ ಕ್ರಮವಾಗಿ ಜೋಡಿಸುವುದು ಮೂರನೆಯ ಹಂತ. ಜನ ರ‍್ಯಾಂಕ್ ಎನ್ನುವುದು ಈ ಕೊನೆಯದಕ್ಕೆ. ಆದರೆ ದೊಡ್ಡ ಅನಾಹುತಗಳು ಹೆಚ್ಚಾಗಿ ನಡೆದಿರುವುದು ನಡುವಿನ ಹಂತದಲ್ಲಿ. ಸೂಚಿಯಲ್ಲೇ ಇಲ್ಲದ ಪುಟಕ್ಕೆ ಹತ್ತನೆಯ ಸ್ಥಾನವೂ ಇಲ್ಲ, ಸಾವಿರದ ಸ್ಥಾನವೂ ಇಲ್ಲ.

ಇಂಥ ದೋಷಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸುವುದು 2000ದ ಮಾರ್ಚಿನದು. ಆಗ ಗೂಗಲ್ ಇನ್ನೂ ಎಳೆಯ ಕಂಪನಿ. ಯಾಹೂಗೆ ಹುಡುಕಾಟದ ಸೇವೆ ಒದಗಿಸುವ ಒಪ್ಪಂದದ ಮಾತುಕತೆ ನಡೆದಿತ್ತು, ಅದಕ್ಕೆ ಹಿಂದಿಗಿಂತ ಬಹಳ ದೊಡ್ಡ ಇಂಡೆಕ್ಸ್ ಬೇಕಿತ್ತು. ಇಂಡೆಕ್ಸ್ ಕಟ್ಟುವ ವ್ಯವಸ್ಥೆ ಮಾತ್ರ ತಿಂಗಳುಗಳಿಂದ ಕೈಕೊಟ್ಟಿತ್ತು. ಜನ ಹುಡುಕುತ್ತಲೇ ಇದ್ದರು, ಅವರಿಗೆ ಸಿಗುತ್ತಿದ್ದುದು ತಿಂಗಳುಗಳಷ್ಟು ಹಳಸಿದ ವೆಬ್. ಕೆಲವು ಪದಗಳು ಸೂಚಿಯಿಂದಲೇ ಕಾಣೆಯಾಗಿದ್ದವು, ಕೆಲವು ಅಕಾರಾದಿ ಕ್ರಮ ತಪ್ಪಿ ಎಲ್ಲೋ ಕುಳಿತಿದ್ದವು. ಜೆಫ್ ಡೀನ್, ಸಂಜಯ್ ಘೇಮಾವತ್, ಕ್ರೇಗ್ ಸಿಲ್ವರ್‌ಸ್ಟೈನ್ ಮೊದಲಾದ ಎಂಜಿನಿಯರ್‌ಗಳು ಕೋಡಿನ ಸಾಲು ಸಾಲನ್ನೂ ಜಾಲಾಡಿದರು. ತರ್ಕದಲ್ಲಿ ತಪ್ಪು ಸಿಗಲಿಲ್ಲ. ಕೊನೆಗೆ ಕ್ರಮ ತಪ್ಪಿದ ಪದಗಳನ್ನು ಸೊನ್ನೆ ಮತ್ತು ಒಂದುಗಳ ರೂಪದಲ್ಲೇ ಬಿಡಿಸಿಟ್ಟು ನೋಡಿದರು. ಸೊನ್ನೆ ಇರಬೇಕಾದ ಕಡೆ ಒಂದು ಇತ್ತು. ಬೇರೆ ಪದಗಳಲ್ಲೂ ಅದೇ ಬಗೆಯ ತಪ್ಪು. ದೋಷ ಕೋಡಿನಲ್ಲಿರಲಿಲ್ಲ, ಮೆಮೊರಿ ಚಿಪ್‌ಗಳಲ್ಲಿತ್ತು. ತಪ್ಪು ಹಿಡಿಯುವ ಸೌಲಭ್ಯವಿಲ್ಲದ ಅಗ್ಗದ ಚಿಪ್‌ಗಳನ್ನು ಕಂಪನಿ ಬಳಸಿತ್ತು. ಹಾಳು ಚಿಪ್ ಇದ್ದರೂ ಸರಿಯಾದ ಇಂಡೆಕ್ಸ್ ಬರುವಂತೆ ತಂತ್ರಾಂಶವನ್ನೇ ತಿದ್ದಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ಗೂಗಲ್ ನೂರು ಕೋಟಿ ಪುಟಗಳ ಇಂಡೆಕ್ಸನ್ನೂ ಯಾಹೂ ಒಪ್ಪಂದವನ್ನೂ ಘೋಷಿಸಿತು.

ಆ ಪಾಠ ಅಲ್ಲಿಗೆ ಮುಗಿಯಲಿಲ್ಲ. 2009ರಲ್ಲಿ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಸಂಶೋಧಕರು ಸೇರಿ ಆ ಕಂಪನಿಯ ಸರ್ವರ್‌ಗಳ ಮೆಮೊರಿ ದೋಷಗಳನ್ನು ಅಧ್ಯಯನ ಮಾಡಿದರು. ವರ್ಷವೊಂದರಲ್ಲಿ ಶೇ 8ರಷ್ಟು ಮೆಮೊರಿ ಮಾಡ್ಯೂಲ್‌ಗಳು ದೋಷ ತೋರಿಸುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ. 2021ರಲ್ಲಿ ಗೂಗಲ್‌ನ ಇನ್ನೊಂದು ತಂಡ ಇನ್ನೂ ಕಳವಳದ ವಿಷಯ ಬರೆಯಿತು: ಕೆಲವು ಪ್ರೊಸೆಸರ್‌ಗಳ ಒಂದೊಂದು ಕೋರ್ ಸದ್ದಿಲ್ಲದೆ ತಪ್ಪು ಲೆಕ್ಕ ಮಾಡುತ್ತದೆ, ತಪ್ಪಾಯಿತೆಂಬ ಸೂಚನೆಯನ್ನೂ ಕೊಡುವುದಿಲ್ಲ. ಲಕ್ಷಾಂತರ ಯಂತ್ರಗಳು ಸೇರಿ ಕಟ್ಟುವ ಇಂಡೆಕ್ಸ್‌ನಲ್ಲಿ ‘ಬಗ್ಗೇ ಇಲ್ಲ’ ಎಂದು ಯಾರೂ ಎದೆ ತಟ್ಟಿ ಹೇಳುವಂತಿಲ್ಲ.

2010ರವರೆಗೆ ಇಂಡೆಕ್ಸ್ ಕಂತುಕಂತಾಗಿ ಬದಲಾಗುತ್ತಿತ್ತು. ಒಂದು ಕಾಲಕ್ಕೆ ತಿಂಗಳಿಗೊಮ್ಮೆ ಹೊಸ ಇಂಡೆಕ್ಸ್ ಬಂದಾಗ ರ‍್ಯಾಂಕ್‌ಗಳು ಮೇಲೆ ಕೆಳಗೆ ಆಡುತ್ತಿದ್ದವು. ತಾಣ ನಡೆಸುವವರು ಅದನ್ನು ‘ಗೂಗಲ್ ಡಾನ್ಸ್’ ಎಂದು ಕರೆದರು. 2010ರ ಜೂನ್‌ನಲ್ಲಿ ಬಂದ ಕೆಫೀನ್ ಎಂಬ ವ್ಯವಸ್ಥೆ ಇದನ್ನು ಬದಲಿಸಿತು. ಪುಟ ಸಿಕ್ಕ ಕೂಡಲೇ ಅಷ್ಟನ್ನು ಮಾತ್ರ ಇಂಡೆಕ್ಸ್‌ಗೆ ಸೇರಿಸುವ ಪದ್ಧತಿ ಬಂತು. ಸುದ್ದಿ ಬೇಗ ಸಿಗತೊಡಗಿತು, ಅದರ ಜೊತೆಗೆ ದೋಷವೂ ಬೇಗ ಹರಡತೊಡಗಿತು. 2020ರ ಆಗಸ್ಟ್ 10ರಂದು ಹುಡುಕಾಟದ ಫಲಿತಾಂಶಗಳು ಜಗತ್ತಿನಾದ್ಯಂತ ಕಲಸುಮೇಲೋಗರವಾದಾಗ ಇದು ಕಣ್ಣಿಗೆ ಕಂಡಿತು. ಒಳ್ಳೆಯ ತಾಣಗಳು ಹಿಂದಕ್ಕೆ ಹೋಗಿ ಕೆಲಸಕ್ಕೆ ಬಾರದ ಪುಟಗಳು ಮುಂದೆ ಬಂದವು. ದೊಡ್ಡ ಅಪ್‌ಡೇಟ್ ಬಂದಿದೆಯೆಂದು ಎಲ್ಲರೂ ಭಾವಿಸಿದರು. ಅದು ಇಂಡೆಕ್ಸಿಂಗ್ ವ್ಯವಸ್ಥೆಯ ದೋಷ, ಸರಿಪಡಿಸಿದ್ದೇವೆ ಎಂದು ಮರುದಿನ ಗೂಗಲ್ ಹೇಳಿತು. ಅಲ್ಲಿನ ಗ್ಯಾರಿ ಇಲಿಯೆಶ್ ಕೆಫೀನ್ ಮಾಡುವ ಕೆಲಸಗಳನ್ನು ವಿವರಿಸಿದರು: ತಂದ ಪುಟಗಳನ್ನು ಬಿಡಿಸುವುದು, ಕೊಂಡಿಗಳನ್ನೂ ರ‍್ಯಾಂಕಿಂಗ್‌ಗೆ ಬೇಕಾದ ಸಂಕೇತಗಳನ್ನೂ ತೆಗೆಯುವುದು, ಮುಂದಿನ ಕ್ರಾಲ್ ನಿಗದಿ ಮಾಡುವುದು, ಇಂಡೆಕ್ಸ್ ಕಟ್ಟುವುದು. ಇವುಗಳಲ್ಲಿ ಯಾವುದು ಎಡವಿದರೂ ಪರಿಣಾಮ ಕಾಣುವುದು ಫಲಿತಾಂಶದ ಪುಟದಲ್ಲಿ. ರ‍್ಯಾಂಕಿಂಗ್ ಸೂತ್ರ ನೆಟ್ಟಗಿದ್ದರೂ ಅದಕ್ಕೆ ಬಂದ ಮಾಹಿತಿ ಕೆಟ್ಟಿದ್ದರೆ ಕ್ರಮ ಕೆಡಲೇಬೇಕು.

ಯಂತ್ರದ ದೋಷದ ಪಕ್ಕದಲ್ಲೇ ಕೈತಪ್ಪು ಇದೆ. 2009ರ ಜನವರಿ 31, ಶನಿವಾರ. ನಮ್ಮಲ್ಲಿ ರಾತ್ರಿ ಎಂಟರ ಹೊತ್ತು. ಗೂಗಲ್‌ನಲ್ಲಿ ಏನೇ ಹುಡುಕಿದರೂ ಪ್ರತಿ ಫಲಿತಾಂಶದ ಕೆಳಗೆ ‘ಈ ತಾಣ ನಿಮ್ಮ ಕಂಪ್ಯೂಟರ್‌ಗೆ ಹಾನಿ ಮಾಡಬಹುದು’ ಎಂಬ ಎಚ್ಚರಿಕೆ. ಅಪಾಯಕಾರಿ ತಾಣಗಳ ವಿಳಾಸಗಳ ಪಟ್ಟಿಯನ್ನು ಪರಿಷ್ಕರಿಸುವಾಗ ಯಾರೋ ‘/’ ಎಂಬ ಒಂದೇ ಚಿಹ್ನೆಯನ್ನು ಒಂದು ವಿಳಾಸವೆಂಬಂತೆ ಸೇರಿಸಿಬಿಟ್ಟಿದ್ದರು. ಪ್ರತಿ ವೆಬ್ ವಿಳಾಸದಲ್ಲೂ ಆ ಓರೆಗೆರೆ ಇರುತ್ತದೆ. ಹಾಗಾಗಿ ಇಡೀ ಅಂತರಜಾಲವೇ ಅಪಾಯಕಾರಿ ಪಟ್ಟಿಗೆ ಸೇರಿತು. ಬಳಕೆದಾರರೊಬ್ಬರಿಗೆ ಈ ತೊಂದರೆ ಹೆಚ್ಚೆಂದರೆ ನಲವತ್ತು ನಿಮಿಷ ಇತ್ತೆಂದು ಗೂಗಲ್‌ನ ಮರಿಸ್ಸಾ ಮೇಯರ್ ಬರೆದರು. ಅಂದು ಸ್ಥಾನಗಳೇನೂ ಬದಲಾಗಿರಲಿಲ್ಲ. ಆದರೆ ಮೊದಲ ಸ್ಥಾನದಲ್ಲಿದ್ದೂ ಯಾರೂ ಒತ್ತಲು ಧೈರ್ಯ ಮಾಡದಿದ್ದರೆ ಆ ಸ್ಥಾನದಿಂದ ಪ್ರಯೋಜನವೇನು? 2013ರ ಮಾರ್ಚ್‌ನಲ್ಲಿ ಡಿಗ್ ತಾಣ ಹೀಗೆಯೇ ಪೂರ್ತಿ ಮಾಯವಾಯಿತು. ಅದರೊಳಗಿನ ಒಂದು ಸ್ಪ್ಯಾಮ್ ಕೊಂಡಿಯ ಮೇಲೆ ಕೈಗೊಂಡ ಕ್ರಮ ತಪ್ಪಿ ಇಡೀ ತಾಣಕ್ಕೆ ಅನ್ವಯವಾಗಿತ್ತು. ಗೂಗಲ್ ಕ್ಷಮೆ ಕೇಳಿತು.

ಮೂರನೆಯ ಬಗೆಯ ದೋಷ ತೀರಾ ಹಳೆಯದು, ಇನ್ನೂ ಪೂರ್ತಿ ತೀರಿಲ್ಲ. ಒಂದೇ ಬರಹ ನಾಲ್ಕು ವಿಳಾಸಗಳಲ್ಲಿದ್ದರೆ ಮೂಲ ಯಾವುದು? 2004-05ರ ಸುಮಾರಿಗೆ ಇದರಿಂದ ಬಹಳ ಜನ ನೊಂದರು. ‘ಪುಟ ತಾತ್ಕಾಲಿಕವಾಗಿ ಬೇರೆಡೆಗೆ ಹೋಗಿದೆ’ ಎಂದು ಹೇಳುವ 302 ಎಂಬ ಸಂಕೇತವನ್ನು ಬಳಸಿ ಯಾರದೋ ತಾಣ ನಿಮ್ಮ ಪುಟದ ಕಡೆ ತಿರುಗಿಸಿದರೆ, ಎಂಜಿನ್ ನಿಮ್ಮ ಬರಹವನ್ನು ಆ ತಾಣದ ಲೆಕ್ಕಕ್ಕೆ ಬರೆದುಬಿಡುತ್ತಿತ್ತು. ಬರೆದವರು ಒಬ್ಬರು, ಸ್ಥಾನ ಮತ್ತೊಬ್ಬರಿಗೆ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಮೂಲ ಪುಟವನ್ನು ಗುರುತಿಸುವ ವ್ಯವಸ್ಥೆ ಮತ್ತೆ ಎಡವಿತು. ಅದೇ ವೇಳೆಗೆ ಮೊಬೈಲ್ ಆವೃತ್ತಿಗಳ ಇಂಡೆಕ್ಸಿಂಗೂ ಕೆಟ್ಟಿತು. ಮೊದಲನೆಯದು ಇಂಡೆಕ್ಸ್‌ನ ಶೇ 0.02ರಷ್ಟನ್ನು, ಎರಡನೆಯದು ಶೇ 0.2ರಷ್ಟನ್ನು ಮುಟ್ಟಿತೆಂದು ಗೂಗಲ್ ತಿಳಿಸಿತು. ಕೇಳಲು ಅಲ್ಪ. ಸಾವಿರಾರು ಕೋಟಿ ಪುಟಗಳಿರುವ ಕಡೆ ಶೇ 0.2 ಎಂದರೆ ಕೋಟಿಗಟ್ಟಲೆ ಪುಟಗಳು. ಪೂರ್ತಿ ಸರಿಹೋಗಲು ವಾರಗಳೇ ಹಿಡಿದವು.

ಬಗ್‌ನ ಗಾತ್ರವನ್ನು ಹೊರಗಿನವರು ಅಳೆಯಲು ಆರಂಭಿಸಿದ್ದು ಈ ಕ್ಷೇತ್ರದ ದೊಡ್ಡ ಬೆಳವಣಿಗೆ. 2019ರ ಏಪ್ರಿಲ್ ಮೊದಲ ವಾರ ಗೂಗಲ್ ತನ್ನ ಇಂಡೆಕ್ಸ್‌ನ ಒಂದು ಭಾಗವನ್ನೇ ಕಳೆದುಕೊಂಡಿತು. ಡೇಟಾ ಸೆಂಟರ್‌ಗಳಿಗೆ ಒಂದೊಂದಾಗಿ ಬದಲಾವಣೆ ಹಂಚುವಾಗ ಇಂಡೆಕ್ಸ್‌ನ ಒಂದಷ್ಟು ತುಣುಕು ತಲುಪಬೇಕಾದಲ್ಲಿಗೆ ತಲುಪಿರಲಿಲ್ಲ. ಮಾಜ್ ಸಂಸ್ಥೆ ದಿನವೂ ತಾನು ಗಮನಿಸುವ ಪುಟಗಳ ಲೆಕ್ಕ ತೆಗೆದು, ಸುಮಾರು ಶೇ 4ರಷ್ಟು ಕಾಣೆಯಾಗಿವೆ ಎಂದು ಅಂದಾಜಿಸಿತು. ತಾಣದ ಮಾಲೀಕರು ತಮ್ಮ ಪುಟಗಳ ಸ್ಥಿತಿ ನೋಡಿಕೊಳ್ಳುವ ಸರ್ಚ್ ಕನ್ಸೋಲ್‌ನಲ್ಲೂ ಏಪ್ರಿಲ್ 9ರಿಂದ 25ರವರೆಗಿನ ಹಲವು ವರದಿಗಳು ಖಾಲಿ ಉಳಿದವು. ರೋಗಿ ಮಲಗಿದ್ದಾಗಲೇ ಪರೀಕ್ಷಾ ವರದಿಯೂ ಇಲ್ಲ. ಆಗಸ್ಟ್‌ನಲ್ಲಿ ಗೂಗಲ್ ಏನೇನು ತಪ್ಪಿತೆಂದು ವಿವರವಾಗಿ ಬರೆದು ಪ್ರಕಟಿಸಿತು. ಅಷ್ಟು ಬಿಚ್ಚುಮನಸ್ಸು ಅಪರೂಪ, ಮೆಚ್ಚಬೇಕಾದದ್ದು.

ಹಾಗೆಂದು ರ‍್ಯಾಂಕ್ ಬಿದ್ದಾಗಲೆಲ್ಲ ಬಗ್ ಎನ್ನಲಾಗದು. 2003ರ ನವೆಂಬರ್‌ನ ಫ್ಲೋರಿಡಾ ಅಪ್‌ಡೇಟ್, 2011ರ ಫೆಬ್ರುವರಿಯ ಪಾಂಡಾ ಇವೆಲ್ಲ ಬೇಕೆಂದೇ ಮಾಡಿದ ಬದಲಾವಣೆಗಳು. ಪಾಂಡಾ ಒಂದೇ ಅಮೆರಿಕದ ಶೇ 12ರಷ್ಟು ಹುಡುಕಾಟಗಳನ್ನು ಬದಲಿಸಿತು. 2022ರ ಒಂದೇ ವರ್ಷದಲ್ಲಿ ಗೂಗಲ್ ತನ್ನ ಹುಡುಕಾಟಕ್ಕೆ ಮಾಡಿದ ಬದಲಾವಣೆಗಳು 4,700ಕ್ಕೂ ಹೆಚ್ಚು. ಇವುಗಳ ನಡುವೆ ಬಗ್ ಯಾವುದು, ತೀರ್ಮಾನ ಯಾವುದು ಎಂದು ಹೊರಗೆ ನಿಂತವರಿಗೆ ತಿಳಿಯುವುದು ಹೇಗೆ?

ಬ್ರಿಟನ್ನಿನ ಶಿವಾನ್ ರ‍್ಯಾಫ್ ಮತ್ತು ಆ್ಯಡಂ ರ‍್ಯಾಫ್ ದಂಪತಿಗೆ ಈ ಪ್ರಶ್ನೆಗೆ ಉತ್ತರ ಪಡೆಯಲು ಒಂದು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು. ಅವರು 2006ರ ಜೂನ್‌ನಲ್ಲಿ ಬೆಲೆ ಹೋಲಿಸುವ ಫೌಂಡೆಮ್ ತಾಣ ತೆರೆದರು. ಕೆಲವೇ ದಿನಗಳಲ್ಲಿ ಅದು ಗೂಗಲ್‌ನಲ್ಲಿ ತಳ ಸೇರಿತು. ಸ್ಪ್ಯಾಮ್ ಪತ್ತೆಯ ತಂತ್ರಾಂಶ ತಪ್ಪಾಗಿ ಹಿಡಿದಿರಬೇಕು, ಸರಿಯಾದವರಿಗೆ ತಿಳಿಸಿದರೆ ತಿದ್ದುತ್ತಾರೆ ಎಂದೇ ಅವರು ಮೊದಲು ನಂಬಿದ್ದರು. ಯಾಹೂ ಮುಂತಾದ ಕಡೆ ತಾಣ ಸರಿಯಾಗಿಯೇ ಸಿಗುತ್ತಿತ್ತು. ಗೂಗಲ್ ಹೇರಿದ್ದ ತಡೆ ತೆರವಾಗಿದ್ದು 2009ರ ಕೊನೆಗೆ. ಆ ಹೊತ್ತಿಗೆ ಅವರು ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಾಗಿತ್ತು. ಪ್ರತಿಸ್ಪರ್ಧಿ ಬೆಲೆ ಹೋಲಿಕೆ ತಾಣಗಳನ್ನು ಕೆಳಗಿಳಿಸಿ ತನ್ನದನ್ನು ಮೇಲೆ ತೋರಿಸಿದ್ದಕ್ಕಾಗಿ ಕಮಿಷನ್ 2017ರಲ್ಲಿ ಗೂಗಲ್‌ಗೆ 242 ಕೋಟಿ ಯೂರೊ ದಂಡ ವಿಧಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಯುರೋಪಿನ ಅತ್ಯುಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಬಗ್ ಎಂದು ತಿಳಿದದ್ದು ಬಗ್ ಆಗಿರಲಿಲ್ಲ.

ಕನ್ನಡಿಗರಿಗೆ ಇದರ ಇನ್ನೊಂದು ಮುಖ ಗೊತ್ತು. 2021ರ ಜೂನ್‌ನಲ್ಲಿ ‘ಭಾರತದ ಅತ್ಯಂತ ಕುರೂಪಿ ಭಾಷೆ’ ಯಾವುದೆಂದು ಇಂಗ್ಲಿಷ್‌ನಲ್ಲಿ ಕೇಳಿದರೆ ಗೂಗಲ್ ಎಲ್ಲಕ್ಕೂ ಮೇಲಿನ ಚೌಕಟ್ಟಿನಲ್ಲಿ ಕನ್ನಡದ ಹೆಸರು ತೋರಿಸಿತು. ನಾಡಿನಾದ್ಯಂತ ಸಿಟ್ಟೆದ್ದಿತು, ಕಂಪನಿ ಕ್ಷಮೆ ಕೇಳಿ ಉತ್ತರ ತೆಗೆದುಹಾಕಿತು. ಅಲ್ಲಿ ಯಾವ ಫೈಲೂ ಖಾಲಿಯಾಗಿರಲಿಲ್ಲ, ಯಾವ ಚಿಪ್ಪೂ ಕೆಟ್ಟಿರಲಿಲ್ಲ. ಯಾವುದೋ ಪುಟದ ಸಾಲನ್ನು ಹೆಕ್ಕಿ ಉತ್ತರವೆಂದು ಮೆರೆಸುವಂತೆ ತಂತ್ರಾಂಶವನ್ನು ಬರೆದಿದ್ದರು, ಅದು ಹಾಗೆಯೇ ಮಾಡಿತು. ನನ್ನ ಮಟ್ಟಿಗೆ ಅದು ಓರೆಗೆರೆಯ ಬಗ್‌ಗಿಂತ ಗಂಭೀರ ದೋಷ.

ವಿಜ್ಞಾನದ ತೊಡಕು ಇರುವುದೂ ಇಲ್ಲೇ. ಕೂಡುವ ಲೆಕ್ಕ ತಪ್ಪಿದರೆ ತೋರಿಸಬಹುದು, ಸರಿಯುತ್ತರ ನಮಗೆ ಗೊತ್ತಿರುತ್ತದೆ. ‘ಮಂಡಿನೋವಿಗೆ ಒಳ್ಳೆಯ ಪುಟ’ ಯಾವುದೆಂಬುದಕ್ಕೆ ಸರಿಯುತ್ತರ ಯಾರಲ್ಲಿದೆ? ಇದಕ್ಕೆ ಸಂಶೋಧಕ ಟಿ. ವೈ. ಚೆನ್ 1998ರಲ್ಲಿ ಒಂದು ದಾರಿ ತೋರಿದ್ದರು. ಉತ್ತರ ಗೊತ್ತಿಲ್ಲದಿದ್ದರೂ ಎರಡು ಉತ್ತರಗಳ ನಡುವೆ ಇರಲೇಬೇಕಾದ ಸಂಬಂಧವನ್ನು ಪರೀಕ್ಷಿಸಬಹುದು. ಒಂದು ಪದಕ್ಕೆ ಒಂದು ತಾಣದ ಪುಟ ಸಿಕ್ಕಿದೆ ಎಂದುಕೊಳ್ಳಿ. ಅದೇ ಪದವನ್ನು ಆ ತಾಣದೊಳಗೆ ಮಾತ್ರ ಹುಡುಕು ಎಂದಾಗ ಆ ಪುಟ ಮಾಯವಾದರೆ ಎಲ್ಲೋ ಕೆಟ್ಟಿದೆ ಎಂದೇ ಅರ್ಥ. ಝೌ, ಶಿಯಾಂಗ್ ಮತ್ತು ಚೆನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗೂಗಲ್, ಬಿಂಗ್, ಬೈದುಗಳನ್ನು ಹೀಗೆ ಪರೀಕ್ಷಿಸಿ ಅಸಂಗತಿಗಳನ್ನು ಕಂಡರು. ಒಳಗಿನ ಕೋಡ್ ನೋಡದೆ ಹೊರಗಿನಿಂದಲೇ ಮಾಡಬಹುದಾದ ಪರೀಕ್ಷೆ ಇದು. ಕನ್ನಡದ ಹುಡುಕಾಟಕ್ಕೂ ನಮ್ಮ ವಿಶ್ವವಿದ್ಯಾಲಯಗಳು ಇದನ್ನು ಮಾಡಬಹುದು, ಮಾಡಬೇಕು.

2022ರ ಡಿಸೆಂಬರ್‌ನಿಂದ ಗೂಗಲ್ ಸರ್ಚ್‌ಗೆ ಒಂದು ಸಾರ್ವಜನಿಕ ಸ್ಥಿತಿಪಟ್ಟಿ ಇದೆ. ಕ್ರಾಲಿಂಗ್, ಇಂಡೆಕ್ಸಿಂಗ್, ರ‍್ಯಾಂಕಿಂಗ್ ದೋಷಗಳನ್ನು ಅಲ್ಲಿ ದಾಖಲಿಸುತ್ತಾರೆ. 2024ರ ಆಗಸ್ಟ್ 15ರಂದು ಮುಖ್ಯ ಅಪ್‌ಡೇಟ್ ಶುರುವಾದ ದಿನವೇ ಬೇರೊಂದು ರ‍್ಯಾಂಕಿಂಗ್ ದೋಷ ಕಾಣಿಸಿಕೊಂಡಿತು. ಎರಡಕ್ಕೂ ಸಂಬಂಧವಿಲ್ಲವೆಂದು ಗೂಗಲ್ ಆ ಪಟ್ಟಿಯಲ್ಲಿ ತಿಳಿಸಿತು, ನಾಲ್ಕೈದು ದಿನಗಳಲ್ಲಿ ದೋಷ ನಿವಾರಣೆಯಾಯಿತು. ಆದರೆ ಆ ವಾರ ಬಿದ್ದ ತಾಣಗಳಲ್ಲಿ ಯಾವುದು ಅಪ್‌ಡೇಟ್‌ನಿಂದ ಬಿತ್ತು, ಯಾವುದು ದೋಷದಿಂದ ಎಂದು ಆಯಾ ಮಾಲೀಕರಿಗೆ ಹೇಳುವವರಿರಲಿಲ್ಲ. ಯಾರ ಪುಟಗಳಿಗೆ ಪೆಟ್ಟು ಬಿತ್ತೆಂಬ ಲೆಕ್ಕ ಕಂಪನಿಯ ಬಳಿಯೇ ಇರುತ್ತದೆ. ಅದನ್ನು ಸರ್ಚ್ ಕನ್ಸೋಲ್ ಮೂಲಕ ಅವರವರಿಗೆ ತಿಳಿಸುವುದು ಕಂಪನಿಯ ಕರ್ತವ್ಯ. ಜಾಹೀರಾತಿನ ದುಡ್ಡಿನಲ್ಲೇ ಉಸಿರಾಡುವ ಸಣ್ಣ ಕನ್ನಡ ಸುದ್ದಿತಾಣಗಳಿಗೆ ನಾಲ್ಕು ದಿನದ ಓದುಗರು ಎಂದರೆ ಸಣ್ಣ ಮಾತಲ್ಲ.

ತಾಣ ನಡೆಸುವವರು ರ‍್ಯಾಂಕ್ ಬಿದ್ದ ದಿನವೇ ಶೀರ್ಷಿಕೆ, ವಿಳಾಸ, ವಿನ್ಯಾಸ ಬದಲಿಸಲು ಹೊರಡಬೇಡಿ. ಮೊದಲು ಸ್ಥಿತಿಪಟ್ಟಿ ನೋಡಿ. ಸರ್ಚ್ ಕನ್ಸೋಲ್‌ನಲ್ಲಿ ಪುಟ ಇಂಡೆಕ್ಸ್‌ನಲ್ಲಿದೆಯೇ, ಮೂಲವೆಂದು ನಿಮ್ಮ ವಿಳಾಸವನ್ನೇ ಗುರುತಿಸಿದೆಯೇ ಎಂದು ಪರೀಕ್ಷಿಸಿ. ಬಿಂಗ್‌ನಲ್ಲಿ ಹೇಗಿದೆ ನೋಡಿ. ಒಂದು ವಾರ ಕಾಯಿರಿ. ಬಗ್ ಆಗಿದ್ದರೆ ಹೆಚ್ಚಿನ ಸಲ ಅಷ್ಟರಲ್ಲಿ ಪುಟಗಳು ಮರಳಿ ಬರುತ್ತವೆ. ಮರಳದಿದ್ದರೆ ಆಗ ನಿಮ್ಮ ಪುಟಗಳನ್ನು ತಿದ್ದಲು ಕೂರಿ.