ಕ್ಲೋರೋಫಾರಂ ಪರೀಕ್ಷೆಗೆ ನಿಜಾಮರ ನೆರವು

ರಾಯಚೂರು, ಮಾನ್ವಿ, ದೇವದುರ್ಗಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲ. ಶಸ್ತ್ರಚಿಕಿತ್ಸೆಗೆ ಕ್ಲೋರೋಫಾರಂ ಕೊಟ್ಟಾಗ ಕೆಲವು ರೋಗಿಗಳು ಹಠಾತ್ತನೆ ಸಾಯುತ್ತಿದ್ದರು. ಮೊದಲು ನಿಲ್ಲುವುದು ಉಸಿರೋ, ಹೃದಯವೋ? 1888ರಲ್ಲಿ ಹೈದರಾಬಾದ್ ವೈದ್ಯಕೀಯ ಶಾಲೆಯ ಡಾ. ಎಡ್ವರ್ಡ್ ಲಾರಿಯವರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಉಸಿರೆಂದರು. ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಸಂಶಯಪಟ್ಟಿತು. ಆಗ ಆರನೇ ನಿಜಾಮ್ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರ 1000 ಪೌಂಡ್ ಕೊಟ್ಟು, 1889ರಲ್ಲಿ ಪತ್ರಿಕೆಯ ಪ್ರತಿನಿಧಿ ಡಾ. ಲಾಡರ್ ಬ್ರಂಟನ್‌ರನ್ನೇ ಕರೆಸಿತು. ಎರಡನೇ ಆಯೋಗವೂ ಉಸಿರೆಂದೇ ಹೇಳಿತು.

ಆದರೆ 1911ರಲ್ಲಿ ಗುಡ್‌ಮನ್ ಲೆವಿಯವರು ಬೆಕ್ಕುಗಳ ಮೇಲಿನ ಪ್ರಯೋಗದಿಂದ, ಹೃದಯವೇ ಲಯತಪ್ಪಿ ನಿಲ್ಲಬಲ್ಲದೆಂದು ತೋರಿಸಿದರು. ಹಾಗೆಂದು ನಿಜಾಮರ ಹಣ ವ್ಯರ್ಥವಾಯಿತೇ? ಇಲ್ಲ. ಸಂಶಯಪಟ್ಟವರನ್ನೇ ಕರೆಸಿ ಪರೀಕ್ಷಿಸಿದ್ದು ವಿಜ್ಞಾನದ ದಾರಿ. ಮೂಲ ಸಂಶೋಧನೆಗೆ ನೆರವು ಕೋರಿ ವಿಜ್ಞಾನ ಸಂಘಗಳು ಸರ್ಕಾರದ ಬಾಗಿಲಿಗೆ ಹೋದಾಗ, ವಿದ್ಯಾರ್ಥಿ ಮಿತ್ರರೇ, ಈ ತಾಳ್ಮೆಯ ಇತಿಹಾಸ ನೆನಪಿರಲಿ.