ಹಗ್ಗವಿಲ್ಲದ ಗಾಡಿಯ ಕಥೆ

ಕಲ್ಲೋಳಿಯ ಹನುಮಪ್ಪನ ಜಾತ್ರೆಯಿರಲಿ, ಐದು ವರ್ಷಕ್ಕೊಮ್ಮೆ ನಡೆಯುವ ಗೋಕಾಕದ ಲಕ್ಷ್ಮೀದೇವಿ ಜಾತ್ರೆಯಿರಲಿ, ಆಟಿಗೆ ಸಾಮಾನಿನ ಅಂಗಡಿಗಳ ಮುಂದೆ ಹುಡುಗರ ಕಣ್ಣು ಮೊದಲು ಬೀಳುವುದು ರಿಮೋಟ್ ಕಾರಿನ ಮೇಲೆ. ಕೈಯಲ್ಲೊಂದು ಡಬ್ಬಿ, ಅದರ ಮೇಲೆರಡು ಗುಂಡಿ. ಒತ್ತಿದ್ದೇ ತಡ, ಹತ್ತು ಮಾರು ದೂರದಲ್ಲಿರುವ ಕಾರು ಓಡತೊಡಗುತ್ತದೆ. ನಡುವೆ ತಂತಿಯಿಲ್ಲ, ದಾರವಿಲ್ಲ. ಈ ಚಮತ್ಕಾರ ಎಲ್ಲಿಂದ ಬಂತು? ಇದನ್ನು ಹವ್ಯಾಸವಾಗಿ ಕೈಗೆತ್ತಿಕೊಳ್ಳುವವರು ಎಲ್ಲಿಂದ ಶುರು ಮಾಡಬೇಕು?

ಈ ಸೀಮೆಯ ಮಕ್ಕಳಿಗೆ ಗಾಡಿ ಹೊಸದೇನಲ್ಲ. ಜೋಳದ ದಂಟಿನ ಸಿಬಿರು ಸೀಳಿ, ಒಳಗಿನ ಬೆಂಡನ್ನು ಕತ್ತರಿಸಿ ಜೋಡಿಸಿದರೆ ಬಂಡಿ ಸಿದ್ಧ. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಅದಕ್ಕೆ ಎತ್ತುಗಳೂ ಬಂದವು. ಇನ್ನು ಗೋಕಾಕವಂತೂ ಆಟಿಗೆಗಳ ಊರು. ಹಗುರ ಮರದಿಂದಲೂ ಸುತ್ತಲಿನ ಒಂದು ಬಗೆಯ ಮಣ್ಣಿನಿಂದಲೂ ಇಲ್ಲಿ ಗೊಂಬೆಗಳನ್ನು, ಹಣ್ಣುಗಳನ್ನು ತಯಾರಿಸುತ್ತಾರೆಂದು ಬ್ರಿಟಿಷರ ಕಾಲದ ಗ್ಯಾಝೆಟಿಯರಿನಲ್ಲಿಯೇ ದಾಖಲಾಗಿದೆ. ಜೀನಗಾರ ಮನೆತನಗಳ ಕೈಯಲ್ಲಿ ಬೆಳೆದ ಕಲೆ ಅದು. ಮರದ ಬಾಳೆಹಣ್ಣನ್ನು ನಿಜವೆಂದು ನಂಬಿ ಕೈಹಾಕಿದವರ ಕಥೆಗಳಿಗೆ ಲೆಕ್ಕವಿಲ್ಲ.

ಆದರೆ ಈ ಗಾಡಿಗಳಿಗೆಲ್ಲ ಒಂದು ದಾರ ಬೇಕಿತ್ತು, ಎಳೆಯಲು ಒಂದು ಕೈ ಬೇಕಿತ್ತು. ಆ ದಾರ ಕಡಿದ ಕಥೆ 19ನೇ ಶತಮಾನದ ಕೊನೆಗೆ ಹೋಗುತ್ತದೆ.

ಜರ್ಮನಿಯ ಹೈನ್ರಿಕ್ ಹರ್ಟ್ಸ್ ರೇಡಿಯೋ ಅಲೆಗಳ ಇರವನ್ನು ಪ್ರಯೋಗದಿಂದ ತೋರಿಸಿದ್ದು 1887ರ ಸುಮಾರಿಗೆ. ಗೋಕಾಕ ಫಾಲ್ಸಿನಲ್ಲಿ ನೀರಿನಿಂದ ವಿದ್ಯುತ್ ತೆಗೆಯತೊಡಗಿದ್ದೂ ಅದೇ ವರ್ಷವೆಂದು ಹೇಳುವುದುಂಟು. ಎರಡಕ್ಕೂ ಸಂಬಂಧವಿಲ್ಲ ನಿಜ, ಆದರೂ ಒಟ್ಟಿಗೆ ನೆನೆಯಲು ಚೆನ್ನಾಗಿದೆ. 1895ರಲ್ಲಿ ಕಲ್ಕತ್ತಾದಲ್ಲಿ ಜಗದೀಶಚಂದ್ರ ಬೋಸರು ಗೋಡೆ ದಾಟಿ ಹೋಗುವ ಅಲೆಗಳಿಂದ ದೂರದ ಗಂಟೆ ಬಾರಿಸಿದರು, ಸಿಡಿಮದ್ದಿಗೆ ಕಿಡಿ ಹೊತ್ತಿಸಿದರು. ದೂರದಿಂದಲೇ ವಸ್ತುವೊಂದನ್ನು ಕೆಲಸಕ್ಕೆ ಹಚ್ಚುವ ಕಲ್ಪನೆಗೆ ನಮ್ಮ ದೇಶದಲ್ಲಿ ಸಿಕ್ಕ ಮೊದಲ ಸಾಕ್ಷಿಗಳಲ್ಲಿ ಅದೂ ಒಂದು.

ಅಲೆಯನ್ನು ಲಗಾಮಿನಂತೆ ಬಳಸಿದವನು ನಿಕೋಲಾ ಟೆಸ್ಲಾ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ವಿದ್ಯುತ್ ಪ್ರದರ್ಶನದಲ್ಲಿ, ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿಯೊಂದನ್ನು ತಾನು ನಿಂತಲ್ಲಿಂದಲೇ ತಿರುಗಿಸಿ ತೋರಿಸಿದ. ಒಳಗೆ ಪಳಗಿಸಿದ ಮಂಗ ಕುಳಿತಿರಬೇಕೆಂದು ನೋಡಿದವರು ಆಡಿಕೊಂಡರಂತೆ. ಅದೇ ವರ್ಷದ ನವೆಂಬರ್ 8ರಂದು ಆತನಿಗೆ ಪೇಟೆಂಟ್ ದೊರೆಯಿತು. ಟೆಸ್ಲಾನ ಮನಸ್ಸಿನಲ್ಲಿದ್ದುದು ಆಟಿಗೆಯಲ್ಲ, ಯುದ್ಧನೌಕೆ.

ಅಲ್ಲಿಂದ ಮಕ್ಕಳ ಕೈಗೆ ಬರಲು ಏಳು ದಶಕಗಳೇ ಹಿಡಿದವು. ಕಾರಣ ಸರಳ: ಭಾರ. ಗಾಜಿನ ವಾಲ್ವುಗಳು, ಅವುಗಳಿಗೆ ಬೇಕಾದ ದಪ್ಪ ಬ್ಯಾಟರಿಗಳು ಪುಟ್ಟ ಕಾರಿನಲ್ಲಿ ಕೂಡುವಂಥವಲ್ಲ. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿ, ಅದು ಅಗ್ಗವಾದ ಮೇಲೆಯೇ ದಾರಿ ತೆರೆಯಿತು. 1966ರಲ್ಲಿ ಇಟಲಿಯ ಎಲ್ಜಿ ಎಂಬ ಸಂಸ್ಥೆ 1:12 ಅಳತೆಯ ಫೆರಾರಿಯನ್ನು ಮಾರುಕಟ್ಟೆಗೆ ತಂದಿತು. ಮಾರಾಟಕ್ಕೆ ಬಂದ ಮೊದಲ ರೇಡಿಯೋ ಕಾರುಗಳಲ್ಲಿ ಇದನ್ನು ಎಣಿಸುತ್ತಾರೆ.

ಇದನ್ನು ಮನೆಮನೆಯ ಹವ್ಯಾಸ ಮಾಡಿದ್ದು ಜಪಾನಿನ ಶಿಜುವೊಕಾದ ತಾಮಿಯಾ ಸಂಸ್ಥೆ. ಅದರ ಮುಖ್ಯಸ್ಥ ಶುನ್ಸಾಕು ತಾಮಿಯಾ ಮಾದರಿಯ ಕರಾರುವಾಕ್ಕಿಗಾಗಿ ನಿಜವಾದ ಪೋರ್ಷೆ ಕಾರನ್ನೇ ಕೊಂಡು ಬಿಚ್ಚಿಹಾಕಿದ್ದರು. ಮರಳಿ ಜೋಡಿಸಲು ಪೋರ್ಷೆಯ ಮೆಕ್ಯಾನಿಕ್‌ಗಳೇ ಬರಬೇಕಾಯಿತಂತೆ! ಹಾಗೆ ಹುಟ್ಟಿದ ಪೋರ್ಷೆ 934, 1976ರಲ್ಲಿ ರೇಡಿಯೋ ಕಾರಾಯಿತು. 1984ರಲ್ಲಿ ಬಂದ 'ಗ್ರಾಸ್‌ಹಾಪರ್' ಅಗ್ಗವಾಗಿತ್ತು, ಮಣ್ಣಿನಲ್ಲೂ ಓಡುತ್ತಿತ್ತು. ಮುಖ್ಯವಾಗಿ, ಅದು ಬಿಡಿಭಾಗಗಳ ಪೆಟ್ಟಿಗೆಯಾಗಿ ಬರುತ್ತಿತ್ತು. ಕೊಂಡವನೇ ಕೂತು ಜೋಡಿಸಬೇಕು. ಜೋಡಿಸಿದವನಿಗೆ ರಿಪೇರಿ ತಾನಾಗಿಯೇ ಬಂತು.

ನಮ್ಮಲ್ಲಿ ಇದೆಲ್ಲ ತಡವಾಗಿ ಬಂದುದಕ್ಕೆ ಹಣವೊಂದೇ ಕಾರಣವಲ್ಲ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಆಮದಿನ ಮೇಲಿನ ಪರಿಮಾಣ ನಿರ್ಬಂಧಗಳು ಕೊನೆಗೊಂಡದ್ದು 2001ರ ಏಪ್ರಿಲ್‌ನಲ್ಲಿ. ಆಮೇಲೆ ವಿದೇಶಿ ಪ್ಲಾಸ್ಟಿಕ್ ಆಟಿಗೆಗಳ ಮಹಾಪೂರವೇ ಹರಿಯಿತು. ಇಂದಿನ ಕಾರುಗಳು ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಸರಕಾರ ಪರವಾನಗಿಯಿಂದ ಮುಕ್ತಗೊಳಿಸಿದ್ದು 2005ರ ಜನವರಿಯಲ್ಲಿ. ಮುಂದೆ 2020ರಲ್ಲಿ ಆಟಿಗೆಗಳ ಆಮದು ಸುಂಕ ಶೇ. 20ರಿಂದ 60ಕ್ಕೂ, 2023ರಲ್ಲಿ ಶೇ. 70ಕ್ಕೂ ಏರಿತು. 2021ರ ಜನವರಿಯಿಂದ ಐಎಸ್ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕರಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿ ಕೊಟ್ಟಿರುವುದು ಸಮಾಧಾನದ ಸಂಗತಿ. ಇಲ್ಲದಿದ್ದರೆ ಪ್ರಯೋಗಾಲಯದ ಖರ್ಚಿಗೇ ಮರದ ಗೊಂಬೆ ಮಾಡುವವರು ಮನೆ ಮಾರಬೇಕಾಗುತ್ತಿತ್ತು.

ಇನ್ನು ಕಾರಿನ ಒಳಗುಟ್ಟು. ಕೈಯಲ್ಲಿರುವುದು ಟ್ರಾನ್ಸ್‌ಮಿಟರ್, ಕಾರಿನಲ್ಲಿರುವುದು ರಿಸೀವರ್. ಬಂದ ಅಪ್ಪಣೆಯನ್ನು ರಿಸೀವರ್ ಇಬ್ಬರಿಗೆ ಹಂಚುತ್ತದೆ. ಮುಂದಿನ ಗಾಲಿಗಳನ್ನು ತಿರುಗಿಸುವ ಸರ್ವೋ ಒಬ್ಬ, ಮೋಟಾರಿಗೆ ಎಷ್ಟು ವಿದ್ಯುತ್ ಬಿಡಬೇಕೆಂದು ನಿರ್ಧರಿಸುವ ವೇಗ ನಿಯಂತ್ರಕ ಇನ್ನೊಬ್ಬ. ಹಿಂದೆ 27 ಮೆಗಾಹರ್ಟ್ಸ್‌ನ ಕಾಲದಲ್ಲಿ ಒಂದೇ ಕ್ರಿಸ್ಟಲ್ ಹಾಕಿದ ಎರಡು ಕಾರುಗಳು ಅಕ್ಕಪಕ್ಕ ಬಂದರೆ ಪೇಚಾಟವಾಗುತ್ತಿತ್ತು. ಒಬ್ಬ ಗುಂಡಿ ಒತ್ತಿದರೆ ಇನ್ನೊಬ್ಬನ ಕಾರು ಓಡುವುದು! ಈಗ ಪ್ರತಿ ಟ್ರಾನ್ಸ್‌ಮಿಟರೂ ತನ್ನ ರಿಸೀವರನ್ನು ಗುರುತಿಟ್ಟುಕೊಳ್ಳುವುದರಿಂದ ಆ ಜಗಳವಿಲ್ಲ.

ಹೊಸಬರು ಮೊದಲು ತಿಳಿಯಬೇಕಾದ ಭೇದವೊಂದಿದೆ. ಜಾತ್ರೆಯ ಕಾರು ಆಟಿಗೆ, ಹವ್ಯಾಸಿಗಳದು ಯಂತ್ರ. ಜಾತ್ರೆಯ ಕಾರಿನಲ್ಲಿ ಎಲ್ಲವೂ ಒಂದೇ ಹಲಗೆಗೆ ಬೆಸೆದಿರುತ್ತದೆ. ಒಂದು ಹಲ್ಲುಗಾಲಿ ಮುರಿದರೆ ಇಡೀ ಕಾರು ಕಸದ ಬುಟ್ಟಿಗೆ. ಹವ್ಯಾಸಿಗಳ ಕಾರಿನಲ್ಲಿ ಪ್ರತಿ ಭಾಗವೂ ಬೇರೆ, ಬೇರೆಯಾಗಿಯೇ ಸಿಗುತ್ತದೆ. ಬೆಲೆ ಹಲವು ಪಟ್ಟು ಹೆಚ್ಚು, ಅದನ್ನು ಮುಚ್ಚಿಡಬೇಕಾಗಿಲ್ಲ. ಕಬ್ಬಿನ ಬಿಲ್ಲಿಗೆ ಕಾಯುವ ಮನೆಯಲ್ಲಿ ಅದು ಸಣ್ಣ ಮಾತಲ್ಲ. ಆದ್ದರಿಂದ ಇಬ್ಬರು ಮೂವರು ಗೆಳೆಯರು ಕೂಡಿ ಒಂದನ್ನು ಕೊಳ್ಳುವುದು ಜಾಣತನವೆಂದು ನನ್ನ ಅಭಿಪ್ರಾಯ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ವೇಗ ಎಷ್ಟೆಂದಲ್ಲ, ಬಿಡಿಭಾಗ ಸಿಗುವುದೇ ಎಂದು. ಮೊದಲ ಕಾರಿಗೆ ಸಾಧಾರಣ ಬ್ರಷ್ ಮೋಟಾರು ಸಾಕು. ಅಗ್ಗ, ಸುಲಭ, ಕೈಮೀರಿ ಓಡುವುದಿಲ್ಲ.

ಓಡಿಸುವಾಗ ಎಲ್ಲರೂ ಮುಗ್ಗರಿಸುವ ಜಾಗವೆಂದರೆ ತಿರುವು. ಕಾರು ನಮ್ಮಿಂದ ದೂರ ಹೋಗುವಾಗ ಅದರ ಎಡ ನಮ್ಮ ಎಡವೇ. ನಮ್ಮತ್ತ ಬರುವಾಗ ಮಾತ್ರ ಅದರ ಎಡ ನಮ್ಮ ಬಲ. ಗಾಡಿಯ ಮೇಲೆ ಕುಳಿತು ಎತ್ತು ಹೊಡೆಯುವವನಿಗೆ ಈ ತಾಪತ್ರಯವಿಲ್ಲ. ಎರಡು ಕಲ್ಲು ಇಟ್ಟು ನಿಧಾನವಾಗಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿಸುತ್ತಿದ್ದರೆ ಕೆಲವು ದಿನಗಳಲ್ಲಿ ಕೈ ಕೂಡುತ್ತದೆ. ಮೊದಲು ಟ್ರಾನ್ಸ್‌ಮಿಟರ್ ಚಾಲೂ ಮಾಡಿ ಆಮೇಲೆ ಕಾರು. ನಿಲ್ಲಿಸುವಾಗ ಮೊದಲು ಕಾರು, ಆಮೇಲೆ ಟ್ರಾನ್ಸ್‌ಮಿಟರ್. ಈ ಕ್ರಮ ತಪ್ಪಿದರೆ ಒಡೆಯನ ಮಾತು ಕೇಳಿಸದ ಕಾರು ದಿಕ್ಕೆಟ್ಟು ನುಗ್ಗೀತು.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಲಿಥಿಯಂ ಪಾಲಿಮರ್ ಬ್ಯಾಟರಿಯ ಪ್ರತಿ ಕೋಶ ತುಂಬಿದಾಗ 4.2 ವೋಲ್ಟ್; 3 ವೋಲ್ಟಿಗಿಂತ ಕೆಳಗಿಳಿಸಿದರೆ ಕೆಡುತ್ತದೆ. ಉಬ್ಬಿದ್ದನ್ನು, ಚುಚ್ಚಿಸಿಕೊಂಡದ್ದನ್ನು ಮತ್ತೆ ಚಾರ್ಜ್ ಮಾಡಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಅದಕ್ಕೆಂದೇ ಇರುವ ಚಾರ್ಜರ್ ಬಳಸಿ, ಹಾಸಿಗೆಯಿಂದ ದೂರ, ಕಣ್ಣೆದುರಿಗೇ ಇಟ್ಟು ಚಾರ್ಜ್ ಮಾಡಬೇಕು. ಕರೆಂಟು ರಾತ್ರಿ ಮಾತ್ರ ಬರುತ್ತದೆಂದು ಹಚ್ಚಿಟ್ಟು ಮಲಗುವುದಂತೂ ಸಲ್ಲದು. ಚಿಕ್ಕ ಮಕ್ಕಳಿಗೆ ನಿಕ್ಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯೇ ವಾಸಿ.

ನಮ್ಮ ಎರೆಭೂಮಿ ಇನ್ನೊಂದು ಪರೀಕ್ಷೆ. ಇಂದು ಮೂಡಲಗಿ ತಾಲೂಕಿನಲ್ಲಿರುವ ಕಲ್ಲೋಳಿಯ ಸುತ್ತಿನ ಕಪ್ಪು ಮಣ್ಣು ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಂಡು ಮೋಟಾರನ್ನು ಸುಡುತ್ತದೆ, ಬೇಸಿಗೆಯಲ್ಲಿ ಧೂಳಾಗಿ ಹಲ್ಲುಗಾಲಿ ಸೇರುತ್ತದೆ. ಸುಗ್ಗಿ ಮುಗಿದ ಗಟ್ಟಿ ಕಣವೇ ಒಳ್ಳೆಯ ಮೈದಾನ. ಆಡಿದ ಮೇಲೆ ಒಣ ಬ್ರಷ್ಷಿನಿಂದ ಮಣ್ಣು ಝಾಡಿಸಿ, ಸಡಿಲವಾದ ಮೊಳೆ ಬಿಗಿದು, ಬ್ಯಾಟರಿಯನ್ನು ತೆಗೆದು ಬೇರೆ ಇಟ್ಟರೆ ಕಾರು ಮರುದಿನಕ್ಕೆ ಸಿದ್ಧ.